ಟೇಲರ್ ಕಾಕಾರ ಗಿಟಾರಿನ ಮೌನವ್ರತ

ಪೂರ್ತಿ ಕೆಟ್ಟ ವಸ್ತುವನ್ನು ರಿಪೇರಿ ಮಾಡಬಹುದು. ಆಗಾಗ ಕೆಟ್ಟು ಆಗಾಗ ತಾನೇ ಸರಿಹೋಗುವ ವಸ್ತು ಮಾತ್ರ ರಿಪೇರಿಯವನ ತಲೆ ಕೆಡಿಸುತ್ತದೆ. ಅಣ್ಣಿಗೇರಿಯ ನನ್ನ ಅಂಗಡಿಗೆ ಹೆಚ್ಚಾಗಿ ಅಂಥವೇ ಹುಡುಕಿಕೊಂಡು ಬರುತ್ತವೆ. ಅವುಗಳಲ್ಲಿ ನನ್ನ ಜೀವ ಹಿಂಡಿದ್ದು ಟೇಲರ್ ಕಾಕಾರ ಗಿಟಾರು.

ಕಾಕಾ ಬಟ್ಟೆ ಹೊಲಿಯುತ್ತಾರೆ, ಕಾರ್ಯಕ್ರಮವಿದ್ದಾಗ ಆರ್ಕೆಸ್ಟ್ರಾದಲ್ಲಿ ಪೆಡಲ್ ಸ್ಟೀಲ್ ಗಿಟಾರು ಬಾರಿಸುತ್ತಾರೆ. ಮುಂಬೈಯಿಂದ ತಂದ ಹಳೆಯ ವಾದ್ಯ. ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ, ಕೆಳಗೆ ತುಳಿಯಲು ಪೆಡಲುಗಳಿವೆ. ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿದರೆ ಕರುಳು ಹಿಂಡುವ ಸ್ವರ. ಆ ಸ್ವರವನ್ನು ತಂತಿಯಿಂದ ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ ಈಗ ನಡುನಡುವೆ ಕೈಕೊಡುತ್ತಿತ್ತು. ಆರ್ಕೆಸ್ಟ್ರಾದ ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರಂತೆ: “ಯರಗುಪ್ಪಿ ಹೈಸ್ಕೂಲ್ ಗ್ಯಾದರಿಂಗಿನ್ಯಾಗ ಒಮ್ಮೆ ಬಂದ್ ಆತಂದ್ರ, ನಿಮ್ಮ ಜಾಗಾಕ್ಕ ಕೀಬೋರ್ಡಿನವನ್ನ ಕರಸ್ತೀನ್ರಿ ಕಾಕಾ. ಅವ ಒಂದು ಬಟನ್ ಒತ್ತಿದ್ರ ನಿಮ್ಮ ಗಿಟಾರ್ ಬರ್ತೈತಿ.”

ಇದನ್ನು ಹೇಳುವಾಗ ಕಾಕಾರ ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು. ಸಂಕಟವಾದಾಗ ನಾನು ಬಯ್ಯುತ್ತೇನೆ.

೧. ಅಂಗಡಿಯಲ್ಲಿ ಅಗದಿ ಆರಾಮ

ಗಿಟಾರಿನ ಹಲಗೆಯನ್ನು ಕಾಕಾ ನನ್ನ ಅಂಗಡಿಗೆ ತಂದಾಗಲೆಲ್ಲ ಅದು ಸೊಗಸಾಗಿ ನುಡಿಯುತ್ತಿತ್ತು. ವೈರು ಬದಲಿಸಿದೆ, ಪ್ಲಗ್ಗು ಬದಲಿಸಿದೆ, ವಾಲ್ಯೂಮಿನ ಗುಂಡಿ ಬಿಚ್ಚಿ ಸ್ವಚ್ಛ ಮಾಡಿದೆ. ಅಂಗಡಿಯಲ್ಲಿ ಬಾರಿಸಿದರೆ ದಾರಿಹೋಕರು ನಿಂತು ಕೇಳುವರು. ಸ್ಟೇಜಿನ ಮೇಲೆ ಮಾತ್ರ ಅದೇ ಹಳೇ ಚಾಳಿ.

“ಇದಕ್ಕ ಸ್ಟೇಜಿನ ಅಂಜಿಕಿ ಐತೇನ್ರಿ?” ಎಂದು ಸಿಟ್ಟಿನಿಂದ ಕೇಳಿದೆ.

“ಅದು ನನಗಿಂತ ಹೆಚ್ಚು ಸ್ಟೇಜ್ ಕಂಡೈತಿ ತಮ್ಮಾ. ಅಂಜಿಕಿ ನನಗ,” ಅಂದರು.

೨. ಮೊರಬದ ಅಜ್ಜಿ

ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ಹಿಂದಿನ ದಿನ ಮೊರಬದಲ್ಲಿ, ಮಾಲೀಕರ ಪಡಸಾಲೆಯಲ್ಲಿ ತಾಲೀಮು. ಚಾಳಿಯನ್ನು ಕಣ್ಣಾರೆ ನೋಡಲೆಂದು ನಾನೂ ಹೋದೆ. ಮಾಲೀಕರು ಇನ್ನೂ ಬಂದಿರಲಿಲ್ಲ. ಕಾಲು, ಪೆಡಲು ಜೋಡಿಸಿ ಕಾಕಾ ಒಂದು ಸ್ವರ ಎಳೆಯುತ್ತಿದ್ದರು. ಬಾಜು ಮನೆಯ ಅಜ್ಜಿಯೊಬ್ಬಳು ಚೀಲ ಹಿಡಿದು ಬಂದಳು.

“ಹೊಲಿಗಿ ಮಷಿನ್ ತಂದೀಯೇನಪಾ? ಚಲೋ ಆತು. ಈ ಚೀಲಕ್ಕ ಒಂದೀಟು ಹೊಲಿಗಿ ಹಾಕಿ ಕೊಡು.”

“ಇದು ಬಾರಿಸೂದೈತಿಬೇ, ಹೊಲಿಯೂದಲ್ಲ,” ಎಂದರು ಕಾಕಾ.

“ಹಂಗಾದ್ರ ಪೆಡಲ್ ಯಾಕೈತಿ?” ಎಂದು ಅಜ್ಜಿ ನಂಬದೆ ತುಳಿದೇ ಬಿಟ್ಟಳು. ಸ್ವರ ಗಪ್ಪಾಯಿತು. ಕಾಲು ತೆಗೆದಳು, ಬಂತು. ಮತ್ತೆ ತುಳಿದಳು, ಹೋಯಿತು.

ನನ್ನ ಸಿಟ್ಟು ನೆತ್ತಿಗೇರಿತು. “ಅಂಗಡಿಗೆ ಬರೇ ಮ್ಯಾಲಿನ ಹಲಗಿ ತರ್ತಿದ್ರಿ. ಈ ಕಾಲು, ಪೆಡಲ್ ಯಾಕ ತರ್ಲಿಲ್ರಿ ಕಾಕಾ?”

“ರೋಗ ಇರೂದು ಪಿಕಪ್ಪಿಗೆ,” ಅಂದರು ಕಾಕಾ. “ಕಾಲು ಅಗದಿ ಗಟ್ಟಿ ಅದಾವಲ್ಲ.”

೩. ಬಟ್ಟೆಯ ಕೆಳಗೆ

ಪಿಕಪ್ಪಿನೊಳಗೆ ಕೂದಲೆಳೆಯಂಥ ತಂತಿಯ ಬೆಸುಗೆ ಸಡಿಲಾಗಿತ್ತು. ಪೆಡಲು ತುಳಿದಾಗ ಹಲಗೆ ತುಸು ಬಾಗಿ ಬೆಸುಗೆ ಬಿಡುತ್ತಿತ್ತು. ಬಿಸಿ ಮುಟ್ಟಿಸಿದರೆ ತಂತಿಯೇ ತುಂಡಾಗುವ ಭಯ. ಹೊರಗೆ ಕಳಿಸಿ ಆ ತಂತಿಯನ್ನೇ ಹೊಸದಾಗಿ ಸುತ್ತಿಸಲು ಹೊತ್ತಿರಲಿಲ್ಲ. ಟೇಪು ಅಂಟಿಸಿದೆ, ರಬ್ಬರು ತುರುಕಿದೆ, ಯಾವುದೂ ನಿಲ್ಲಲಿಲ್ಲ. ಕೆಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರೆ ಮಾತ್ರ ಸ್ವರ ಉಳಿಯುತ್ತಿತ್ತು.

ಹೀಗಾಗಿ ಮರುದಿನ ಯರಗುಪ್ಪಿಯ ಸ್ಟೇಜಿನಲ್ಲಿ ಗಿಟಾರಿನ ಮುಂದೆ ಬಟ್ಟೆ ಇಳಿಬಿಟ್ಟು, ನಾನು ಅದರ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತೆ. ಕಾಕಾರ ಮೊಣಕಾಲು ತಾಳಕ್ಕೆ ಸರಿಯಾಗಿ ನನ್ನ ಕಿವಿಗೆ ಬಡಿಯುತ್ತಿತ್ತು. ಬೆವರು ಕಣ್ಣಿಗಿಳಿದರೂ ಒರೆಸಲು ಧೈರ್ಯವಿಲ್ಲ. ಬೆರಳು ಜಾರಿದರೆ ಕಾಕಾರ ಜಾಗ ಹೋದಂತೆಯೇ ಎಂಬ ಅಂಜಿಕೆಗೆ ಉಸಿರನ್ನೂ ಬಿಗಿ ಹಿಡಿದಿದ್ದೆ.

“ಒತ್ತಿ ಹಿಡೀಲೇ,” ಎಂದು ಕಾಕಾ ಮೇಲಿನಿಂದ ಪಿಸುಗುಟ್ಟಿದರು.

“ಒದೀಬ್ಯಾಡ್ರಿ,” ಎಂದೆ ನಾನು ಕೆಳಗಿನಿಂದ.

೪. ಉಳಿದ ಶಾಲು

ಅಷ್ಟರಲ್ಲಿ ಹೆಡ್ ಮಾಸ್ತರರು ಸನ್ಮಾನ ಶುರು ಮಾಡಿದರು. “ನೀವು ಮೆಲ್ಲಕ ಬಾರಿಸ್ತಿರ್ರಿ,” ಎಂದು ಆರ್ಕೆಸ್ಟ್ರಾದವರಿಗೆ ಹೇಳಿ, ಅಡುಗೆಯವರಿಗೆ, ಕುರ್ಚಿ ಕೊಟ್ಟವರಿಗೆ, ಪೆಂಡಾಲಿನವರಿಗೆ ಒಬ್ಬೊಬ್ಬರಿಗೂ ಶಾಲು ಹೊದಿಸಿದರು. ಕಡೆಗೆ ಒಂದು ಶಾಲು ಉಳಿಯಿತು. ಅವರ ಕಣ್ಣು ಬಟ್ಟೆಯ ಹೊರಗೆ ಚಾಚಿದ್ದ ನನ್ನ ಪಾದದ ಮೇಲೆ ಬಿತ್ತು.

“ಅಲ್ಯಾರ್ರಿ ಕೆಳಗ?”

“ಸೌಂಡ್ ನೋಡಾಂವ್ರೀ,” ಎಂದರು ಕಾಕಾ.

“ಕಾಣದಂಗ ದುಡಿಯೋರಿಗೇ ಮೊದಲು ಸನ್ಮಾನ ಆಗ್ಬೇಕು. ಮ್ಯಾಲ ಬರ್ರಿ.”

“ಬ್ಯಾಡ್ರಿ ಸರ, ನಾ ಇಲ್ಲೇ ಆರಾಮ ಅದೀನಿ.”

“ನೋಡ್ರಿ, ಎಂಥಾ ವಿನಯ,” ಎಂದು ಅವರು ಮೈಕಿನಲ್ಲಿ ಸಾರಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ಖಾಲಿಯಿದ್ದ ಕೈಯನ್ನು ಬಟ್ಟೆಯಿಂದ ಹೊರಗೆ ಚಾಚಿ, “ಶಾಲು ಇಲ್ಲೇ ಕೊಡ್ರಿ,” ಎಂದೆ. ಇಬ್ಬರು ಹಿರಿಯರು ಅದೇ ಕೈ ಹಿಡಿದು ನನ್ನನ್ನು ಎಳೆದೇ ಬಿಟ್ಟರು.

ಹೆಬ್ಬೆರಳು ಬಿಟ್ಟಿತು, ಗಿಟಾರು ನಿಂತಿತು. ಮಾಲೀಕರ ಮುಖ ಕೆಂಪಾಯಿತು. ಕಾಕಾರಿಗೆ ಏನು ತೋಚಿತೋ, ಉಕ್ಕಿನ ತುಂಡು ಕೆಳಗಿಟ್ಟು, ಎದ್ದು ನಿಂತು ನನಗೆ ಕೈಮುಗಿದರು. ಅವರನ್ನು ನೋಡಿ ತಬಲಾದವರೂ ಬಾರಿಸುವುದು ಬಿಟ್ಟು ಎದ್ದರು. ಸಭೆಯೂ ಎದ್ದು ನಿಂತಿತು.

“ಸಂಸ್ಕಾರ ಅಂದ್ರ ಇದು,” ಎಂದು ಹೆಡ್ ಮಾಸ್ತರರು ಗದ್ಗದಿತರಾದರು. “ಸನ್ಮಾನಕ್ಕ ಮರ್ಯಾದಿ ಕೊಟ್ಟು ವಾದ್ಯ ನಿಲ್ಲಿಸಿದ ಕಲಾವಿದರನ್ನ ನಾ ಇವತ್ತ ನೋಡಿದೆ.” ನಾನು ಶಾಲು ಹೊದ್ದುಕೊಂಡೇ ಮತ್ತೆ ಗಿಟಾರಿನ ಕೆಳಗೆ ಸೇರಿದೆ.

ಎಲ್ಲ ಮುಗಿದ ಮೇಲೆ ಮಾಲೀಕರು ಬಂದು ಕಾಕಾರ ಕೈ ಹಿಡಿದರು. “ಕೀಬೋರ್ಡಿನವ ಬ್ಯಾಡ್ರಿ. ಹೆಡ್ ಮಾಸ್ತರ್ರು ಮುಂದಿನ ವರ್ಷಕ್ಕೂ ನಮ್ಮನ್ನ ಕರದಾರ. ಆದ್ರ ಕಾಕಾ, ಇನ್ನ ಮ್ಯಾಲ ಪ್ರತಿ ಕಾರ್ಯಕ್ರಮದಾಗ ನಡುವ ಒಮ್ಮೆ ಹಿಂಗ ಗಪ್ಪನ ನಿಲ್ಲಸ್ಬೇಕು ನೋಡ್ರಿ.”

ಕಾಕಾ ನನ್ನ ಕಡೆ ತಿರುಗಿದರು. “ರಿಪೇರಿ ಸದ್ಯ ಬ್ಯಾಡ ಬಿಡು ತಮ್ಮಾ.”