ಅತ್ತೆಗೆ ಇಲ್ಲದ ಕೆಮ್ಮು

ಮಾಸ್ತರಿಕೆ ಮಾಡಿದವರಿಗೆ ಎರಡು ರೋಗ ಅಂಟಿಕೊಳ್ಳುತ್ತವೆ. ಒಂದು, ಸೀಮೆಸುಣ್ಣದ ಪುಡಿಯಿಂದ ಬರುವ ಸೀನು. ಇನ್ನೊಂದು, ಯಾರು ಏನು ಕೇಳಿದರೂ ಉತ್ತರ ಹೇಳಿಬಿಡುವ ಚಟ. ಸೀನು ಬೇಸಿಗೆಯ ರಜೆಯಲ್ಲಿ ತಾನಾಗಿಯೇ ನಿಲ್ಲುತ್ತದೆ. ಚಟ ರಜೆಯಲ್ಲಿ ಇನ್ನೂ ಹೆಚ್ಚಾಗುತ್ತದೆ, ಏಕೆಂದರೆ ಆಗ ಕೇಳುವವರು ದೊಡ್ಡವರು. ನಮ್ಮೂರು ಮೇಲವಂಕಿಯ ಶಾಲೆಗೆ ನಾನು ಹೊಸದಾಗಿ ಸೇರಿದಾಗ ಮೂರನೇ ಇಯತ್ತೆಯ ಹುಡುಗಿಯೊಬ್ಬಳು ಮೀನುಗಳು ಯಾವಾಗ ಮಲಗುತ್ತವೆ ಎಂದು ಕೇಳಿದಳು. ಮಧ್ಯಾಹ್ನ ಊಟವಾದ ಮೇಲೆ ಎಂದು ನಾನು ಒಂದು ಕ್ಷಣವೂ ತಡೆಯದೆ ಹೇಳಿದೆ. ಅವಳು ಅದನ್ನು ನಂಬಿಕೊಂಡು ಬೆಳೆದು, ಮದುವೆಯಾಗಿ, ಈಗ ತನ್ನ ಮಕ್ಕಳಿಗೂ ಹೇಳುತ್ತಿರಬಹುದು. ಇಡೀ ತರಗತಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿರುವಾಗ 'ಗೊತ್ತಿಲ್ಲ' ಎನ್ನುವುದು ನನಗೆ ಹೊಸ್ತಿಲಲ್ಲಿ ಎಡವಿ ಬಿದ್ದಷ್ಟು ನಾಚಿಕೆಯ ಸಂಗತಿಯಾಗಿತ್ತು.

ಇಂಥವನು ಡಾಕ್ಟರರನ್ನು ಮನೆಗೆ ಕರೆಸುವ ಕೆಲಸದಲ್ಲಿ ಊರಿಗೆಲ್ಲ ಪಂಡಿತನಾದದ್ದು ಹೇಗೆ ಎನ್ನುವುದನ್ನೂ ಹೇಳಬೇಕು. ಅದಕ್ಕೆ ಕಾರಣ ಮೂಡಲಗಿಯಲ್ಲಿದ್ದ ನನ್ನ ಮಾವನವರ ಹೊಟ್ಟೆ. ಒಮ್ಮೆ ನಾವು ಅಲ್ಲಿಗೆ ಹೋಗಿದ್ದಾಗ ಅವರಿಗೆ ವಿಪರೀತ ಹೊಟ್ಟೆನೋವು ಬಂತು. ನಾನೇ ಓಡಿಹೋಗಿ ಅಲ್ಲಿಯ ಡಾಕ್ಟರರನ್ನು ಕರೆತಂದೆ. ದಾರಿಯಲ್ಲಿ ಅವರು ಏನೇನೋ ಕೇಳಿದರು, ನಾನೂ ಬಾಯಿಗೆ ಬಂದದ್ದನ್ನು ಹೇಳಿದೆ. ದೈವವಶಾತ್ ಹೇಳಿದ್ದೆಲ್ಲ ನಿಜವಾಯಿತು. ಮಾವನವರು ಹಿಂದಿನ ದಿನ ಒಂದು ಬುಟ್ಟಿ ಸೀಬೆಹಣ್ಣಿನ ಮುಂದೆ ಕೂತಿದ್ದರೆಂದು ನಾನು ಊಹಿಸಿ ಹೇಳಿದ್ದೆ. ಅವರು ಖರೇನೇ ಕೂತಿದ್ದರಂತೆ. ಡಾಕ್ಟರರು ನನ್ನ ಬೆನ್ನು ತಟ್ಟಿ, ರೋಗಿಯ ಕಡೆಯವರು ಇದ್ದರೆ ಹೀಗಿರಬೇಕು ಎಂದು ಎಲ್ಲರೆದುರಿಗೆ ಹೇಳಿದರು. ಆ ಮಾತು ಮೂಡಲಗಿಯಿಂದ ಮೇಲವಂಕಿಗೆ ನಾನು ಬರುವ ಮೊದಲೇ ಬಂದು ಮುಟ್ಟಿತ್ತು. ಅಂದಿನಿಂದ ನಮ್ಮ ಊರಲ್ಲಿ ಯಾರು ಹಾಸಿಗೆ ಹಿಡಿದರೂ, ಡಾಕ್ಟರರಿಗೆ ಹೇಳಿ ಬರಲು ಮಾಸ್ತರನ್ನು ಕಳಿಸುವುದು ರೂಢಿಯಾಯಿತು. ನಾನು ಬೇಡವೆನ್ನಲಿಲ್ಲ. ನನಗಿಂತ ಚೆನ್ನಾಗಿ ಆ ಕೆಲಸ ಮಾಡುವವರು ತಾಲೂಕಿನಲ್ಲೇ ಇಲ್ಲವೆಂದು ನನಗೇ ಅನಿಸುತ್ತಿತ್ತು.

ಹೀಗಿರುವಾಗ ನಮ್ಮ ಅತ್ತೆ ಮಲಗಿದಳು. ಅತ್ತೆಯೆಂದರೆ ನನ್ನ ತಂದೆಯ ಅಕ್ಕ, ತಂಗೆವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿ, ಹೊಡೆದು ಬಡಿದು, ಶಾಲೆಗೆ ಅಟ್ಟಿ ಮಾಸ್ತರನನ್ನಾಗಿ ಮಾಡಿದವಳು ಅವಳೇ. ಅವಳು ಮಲಗಿದಾಗ ನಮ್ಮ ಊರು ಇನ್ನೂ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅವಳಿಗೆ ಅರವತ್ತು ದಾಟಿತ್ತು, ಆದರೂ ಹೊಲದ ಬದುವಿನಿಂದ ಹುಲ್ಲಿನ ಹೊರೆ ತಾನೇ ಹೊತ್ತು ತರುತ್ತಿದ್ದಳು. ಅಂಥವಳು ಒಂದು ದಿನ ಕೌದಿ ಹೊದ್ದುಕೊಂಡು ಒಳಕೋಣೆಯಲ್ಲಿ ಮಲಗಿದವಳು ಮರುದಿನವೂ ಏಳಲಿಲ್ಲ. ಹಣೆ ಸುಡುತ್ತಿದೆ ಎಂದು ನನ್ನ ಹೆಂಡತಿ ಶಾಂತಾ ಹೇಳಿದಳು. ಗೋಕಾಕದ ದವಾಖಾನೆಗೆ ಗಾಡಿಯಲ್ಲಿ ಕರೆದೊಯ್ಯುತ್ತೇನೆ ಎಂದರೆ ಅತ್ತೆ ಗೋಡೆಯ ಕಡೆಗೆ ಹೊರಳಿಬಿಟ್ಟಳು. ಹುಕ್ಕೇರಿಯಲ್ಲಿದ್ದ ಅವಳ ಮೈದುನ ಎಂದೋ ಕಾಲು ನೋವೆಂದು ದವಾಖಾನೆಗೆ ನಡೆದು ಹೋದವನು ಒಂದು ಕಾಲಿಲ್ಲದೆ ತಿರುಗಿ ಬಂದಿದ್ದ. ಅಂದಿನಿಂದ ದವಾಖಾನೆಯ ಹೆಸರೆತ್ತಿದರೆ ಸಾಕು, ಅವಳ ಮುಖ ಕಲ್ಲಾಗುತ್ತಿತ್ತು. ಹಾಗಾದರೆ ಡಾಕ್ಟರರನ್ನೇ ಮನೆಗೆ ಕರೆಸುತ್ತೇನೆ ಎಂದು ನಾನು ಸೈಕಲ್ ಹತ್ತಿದೆ. ಶಾಂತಾ ಬಾಗಿಲವರೆಗೆ ಬಂದು ಏನೋ ಹೇಳತೊಡಗಿದಳು. ಎಲ್ಲ ನನಗೆ ಗೊತ್ತಿದೆ ಎಂದು ಹೇಳಿ ನಾನು ಪೆಡಲ್ ತುಳಿದೆ.

ಡಾಕ್ಟರರನ್ನು ಮನೆಗೆ ಕರೆಸುವುದೆಂದರೆ ಮೊದಲು ಕಂಪೌಂಡರನನ್ನು ದಾಟುವುದು. ಗೋಕಾಕದ ದವಾಖಾನೆಯ ಡಾಕ್ಟರರ ಬಳಿ ಗುರುಪಾದಪ್ಪ ಎಂಬ ಕಂಪೌಂಡರನಿದ್ದ. ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಚೀಟಿ. ಡಾಕ್ಟರರು ಹತ್ತು ಹನ್ನೆರಡು ಮೈಲು ಬರುವವರು, ಔಷಧದ ಅಂಗಡಿಯನ್ನೇ ಹೊತ್ತು ತರಲಾಗುವುದಿಲ್ಲ. ಆದ್ದರಿಂದ ಏನು ಬೇನೆ, ಅದಕ್ಕೆ ಚೀಲದಲ್ಲಿ ಏನೇನು ತುಂಬಬೇಕು ಎನ್ನುವುದನ್ನು ಅವನು ಕೇಳಿ ಬರೆದುಕೊಳ್ಳುತ್ತಿದ್ದ. ಜ್ವರ ಚಳಿ ಹತ್ತಿ ಬರುತ್ತದೋ ಹಾಗೆಯೇ ಬರುತ್ತದೋ ಎಂದ. ಚಳಿ ಹತ್ತಿ ಎಂದೆ. ಕೌದಿ ಹೊದ್ದಿದ್ದಳಲ್ಲ. ದಿನಾ ಬರುತ್ತದೋ, ದಿನ ಬಿಟ್ಟು ದಿನವೋ ಎಂದ. ದಿನ ಬಿಟ್ಟು ದಿನ ಎಂದೆ. ಅವಳು ಮಲಗಿದ್ದೇ ಎರಡು ದಿನ, ಲೆಕ್ಕ ಸರಿಹೋಗುತ್ತದೆ ಅನ್ನಿಸಿತು. ಕೆಮ್ಮು ಇದೆಯೇ ಎಂದ. ಮುದುಕರಿಗೆ ಕೆಮ್ಮು ಇಲ್ಲದೆ ಇರುತ್ತದೆಯೇ, ಇದೆ ಎಂದೆ. ಇದೆಯೆಂದ ಮೇಲೆ ಅವನು ಬಿಡಲಿಲ್ಲ. ಒಣ ಕೆಮ್ಮೋ ಕಫವೋ, ಎದೆ ನೋಯುತ್ತದೋ ಪಕ್ಕೆಯೋ, ಮಲಗಿದಾಗ ಹೆಚ್ಚೋ ಕೂತಾಗ ಹೆಚ್ಚೋ. ಒಂದು ಕೆಮ್ಮನ್ನು ಹುಟ್ಟಿಸಿದ ತಪ್ಪಿಗೆ ಅದಕ್ಕೆ ಇಡೀ ಸಂಸಾರವನ್ನೇ ಕಟ್ಟಿಕೊಡಬೇಕಾಯಿತು. ಗುರುಪಾದಪ್ಪ ಚೀಟಿಯ ಎರಡೂ ಮಗ್ಗಲು ತುಂಬಿಸಿ, ಎಲ್ಲರೂ ನಿಮ್ಮಂಗ ಹೇಳಿದರ ನಮ್ಮ ಕೆಲಸ ಹಗುರ ಆಗತೈತಿ ನೋಡ್ರಿ ಮಾಸ್ತರ ಎಂದು ಮೆಚ್ಚಿಕೊಂಡ. ನಾಳೆ ಮೂರು ಗಂಟೆಗೆ ಬರುತ್ತಾರೆಂದೂ, ಬಿಸಿನೀರು, ಸಾಬೂನು, ಒಗೆದ ಟವೆಲ್ಲು ಸಿದ್ಧವಿರಬೇಕೆಂದೂ, ಹಾಸಿಗೆ ಬೆಳಕಿನಲ್ಲಿರಬೇಕೆಂದೂ, ರೋಗಿಯ ಜೊತೆ ದಿನವಿಡೀ ಇರುವವರು ಒಬ್ಬರು ಪಕ್ಕದಲ್ಲಿರಬೇಕೆಂದೂ ಹೇಳಿದ. ಕೊನೆಯದು ನನ್ನ ಬಗ್ಗೆಯೇ ಎಂದು ತಿಳಿದುಕೊಂಡು ನಾನು ತಲೆಯಾಡಿಸಿದೆ.

ಮರುದಿನ ನಮ್ಮ ಮನೆಯಲ್ಲಿ ನಡೆದ ಸಿದ್ಧತೆ ನೋಡಿದವರು ಮದುವೆಗೆ ಗಂಡಿನ ಕಡೆಯವರು ಬರುತ್ತಿದ್ದಾರೆ ಅನ್ನಬೇಕು. ಪಡಸಾಲೆ ಸಾರಿಸಿದ್ದಾಯಿತು. ಶಾಲೆಯಲ್ಲಿ ತೋಳಿರುವ ಕುರ್ಚಿ ಇದ್ದದ್ದು ಒಂದೇ. ಅದನ್ನು ನಾನೇ ತಲೆಯ ಮೇಲೆ ಹೊತ್ತು ತಂದೆ. ಶಾಂತಾ ಶಿರಾ ಮಾಡಿದಳು. ಬೆಳಕಿಗೆಂದು ಅತ್ತೆಯನ್ನು ಒಳಕೋಣೆಯಿಂದ ಎಬ್ಬಿಸಿ ಪಡಸಾಲೆಗೆ ತರುವಾಗ ಅವಳು ಒಂದೇ ಕಾಲಿನ ಮೇಲೆ ಕುಂಟುತ್ತಾ, ನನ್ನ ಹೆಗಲಿಗೆ ಪೂರ್ತಿ ಜೋತುಬಿದ್ದು ಬಂದಳು. ಚಳಿಜ್ವರದ ನಿತ್ರಾಣ ಎಂದು ನಾನು ಶಾಂತಾಳಿಗೆ ವಿವರಿಸಿದೆ. ಮೂರು ಗಂಟೆಗೆ ಡಾಕ್ಟರರ ಹಳೆಯ ಮೋಟಾರು ಬಂದಾಗ ನಮ್ಮ ಓಣಿಯವರಲ್ಲಿ ಅರ್ಧ ಜನ ಕಟ್ಟೆಯ ಮೇಲಿದ್ದರು. ಡಾಕ್ಟರರು ಹೇಗೂ ಬಂದಿದ್ದಾರಲ್ಲ ಎಂದು ಒಬ್ಬ ತನ್ನ ಮೊಣಕೈ ತಂದಿದ್ದ, ಇನ್ನೊಬ್ಬಳು ಕಿವಿಯ ಸೋರುವಿಕೆ ತಂದಿದ್ದಳು, ಮತ್ತೊಬ್ಬ ಎಮ್ಮೆಯ ವಿಷಯ ಕೇಳಬಹುದೋ ಎಂದು ನನ್ನನ್ನು ಗುಟ್ಟಾಗಿ ವಿಚಾರಿಸಿದ. ಕೇಳಬಹುದು ಎಂದೆ.

ಡಾಕ್ಟರರು ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಮಾತು ಮೆಲ್ಲಗೆ. ನಾನು ಹೊತ್ತು ತಂದ ಕುರ್ಚಿಯನ್ನು ನೋಡಿಯೂ ನೋಡದವರಂತೆ ಅತ್ತೆಯ ಹಾಸಿಗೆಯ ಪಕ್ಕ ನೆಲಕ್ಕೆ ಕೂತರು. ಗುರುಪಾದಪ್ಪನ ಚೀಟಿ ಓದಿದರು. ಚೀಟಿಯ ಪ್ರಕಾರ ಅದು ಮಲೇರಿಯಾ, ಅದಕ್ಕೆ ಬೇಕಾದದ್ದೆಲ್ಲ ಚೀಲದಲ್ಲಿತ್ತು. ಆದರೆ ಅವರಿಗೆ ಒಂದು ಅಭ್ಯಾಸವಿತ್ತು, ಸೂಜಿ ಕೈಗೆತ್ತಿಕೊಳ್ಳುವ ಮೊದಲು ರೋಗಿಯನ್ನು ತಾವೇ ಒಮ್ಮೆ ಕೇಳುವುದು. ಎದೆಗೆ ಕೊಳವೆ ಇಟ್ಟು ಆಲಿಸಿ, ಕೆಮ್ಮು ಯಾವಾಗಿನಿಂದ ಎಂದು ಅತ್ತೆಯನ್ನು ಕೇಳಿದರು.

"ಯಾವ ಕೆಮ್ಮ್ರಿ?" ಎಂದಳು ಅತ್ತೆ.

ಡಾಕ್ಟರರು ಚೀಟಿಯನ್ನು ನೋಡಿದರು. ಚಳಿ ಬರುತ್ತದೆಯೇ ಎಂದರು. ಇಲ್ಲ. ದಿನ ಬಿಟ್ಟು ದಿನವೇ ಜ್ವರ? ಅಲ್ಲ, ಬಿಟ್ಟೇ ಇಲ್ಲ. ಪಕ್ಕೆ ನೋವು? ಅದೂ ಇಲ್ಲ. ಒಂದೊಂದು ಪ್ರಶ್ನೆಗೂ ನನ್ನ ಉತ್ತರ ಒಂದೊಂದಾಗಿ ಬೀಳುತ್ತಾ ಹೋಯಿತು, ತಪ್ಪು ಲೆಕ್ಕ ಮಾಡಿದ ಹುಡುಗನ ಪಾಟಿಯ ಮೇಲೆ ನಾನೇ ಹಾಕುವ ಅಡ್ಡಗೀಟುಗಳ ಹಾಗೆ. ಡಾಕ್ಟರರು ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟರು. ನನ್ನ ಕಡೆ ನೋಡಲಿಲ್ಲ. ಅಮ್ಮನ ಜೊತೆ ದಿನವಿಡೀ ಇರುವವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಮರೆಯಿಂದ ಶಾಂತಾ ಮುಂದೆ ಬಂದಳು.

"ಐದಾರ ದಿವಸ ಆತ್ರಿ, ಬಲಗಾಲ ನೆಲಕ್ಕ ಊರವಲ್ರು. ಕೇಳಿದರ ಏನಿಲ್ಲ ಅಂತಾರ. ಇವರಿಗೂ ಹೇಳೇನ್ರಿ."

ಹೇಳಿದ್ದಳು. ನನಗೆ ಆಗ ನೆನಪಾಯಿತು. ನಾನು ಕನ್ನಡಿ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದೆ. ವಯಸ್ಸಾಯಿತು, ವಾತ ಇರಬೇಕು ಎಂದು ಸೋಪಿನ ನೊರೆಯೊಳಗಿಂದಲೇ ರೋಗ ಹೆಸರಿಸಿ ಮುಗಿಸಿದ್ದೆ. ಸೈಕಲ್ ಹತ್ತುವಾಗ ಬಾಗಿಲಲ್ಲಿ ನಿಂತು ಹೇಳಬಂದದ್ದೂ ಅದನ್ನೇ.

ಡಾಕ್ಟರರು ಕೌದಿ ಸರಿಸಿದರು. ಅತ್ತೆ ಕಾಲನ್ನು ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. ಬಲ ಅಂಗಾಲಿಗೆ ಅರಿಶಿನ ಮೆತ್ತಿದ ಹಳೆಯ ಸೀರೆಯ ಚಿಂದಿ ಸುತ್ತಿತ್ತು. ಅದನ್ನು ಬಿಚ್ಚಿದಾಗ ಪಾದ ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು, ಹಿಮ್ಮಡಿಯ ಹತ್ತಿರ ಕಪ್ಪಾಗಿತ್ತು, ಅಲ್ಲಿಂದ ಮೇಲಕ್ಕೆ ಮೀನಖಂಡದ ತನಕ ಒಂದು ಕೆಂಪು ಗೆರೆ ಏರಿತ್ತು. ಹುಲ್ಲು ತರುವಾಗ ಜಾಲಿಮುಳ್ಳು ಚುಚ್ಚಿ ಒಳಗೆ ಮುರಿದಿತ್ತಂತೆ. ಹುಕ್ಕೇರಿಯ ಮೈದುನನ ಗತಿ ತನಗೂ ಬಂದೀತೆಂದು ಅವಳು ಯಾರಿಗೂ ತೋರಿಸಿರಲಿಲ್ಲ. ಕಟ್ಟೆಯ ಮೇಲಿನ ಜನ ಎದ್ದು ಬಾಗಿಲಲ್ಲಿ ಇಣುಕಿದರು. ಡಾಕ್ಟರರಿಗೆಂದು ತಂದ ಕುರ್ಚಿಯಲ್ಲಿ ನಾನೇ ಕುಸಿದೆ. ಕೀವು ಇವತ್ತೇ ತೆಗೆಯಬೇಕು, ಆದರೆ ಅದಕ್ಕೆ ಬೇಕಾದ ಸಾಮಾನಾಗಲಿ ಪೆನಿಸಿಲಿನ್ನಾಗಲಿ ಈ ಚೀಲದಲ್ಲಿಲ್ಲ ಎಂದರು ಡಾಕ್ಟರರು. ಯಾಕಿಲ್ಲ ಎನ್ನುವುದನ್ನು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ.

ಅತ್ತೆ ಬರುವುದಿಲ್ಲವೆಂದಳು. ಸತ್ತರೆ ಎರಡು ಕಾಲಿಟ್ಟುಕೊಂಡು ಸಾಯುತ್ತೇನೆ ಎಂದಳು. ನಾನು ಎದ್ದು, ಏನೂ ಆಗುವುದಿಲ್ಲ, ಎಂಟು ದಿನದಲ್ಲಿ ಓಡಾಡುತ್ತೀ ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಮತ್ತೆ ಕೂತೆ. ಆಮೇಲೆ ಅವಳು ಡಾಕ್ಟರರ ಕಡೆ ತಿರುಗಿದಳು.

"ಖರೆ ಹೇಳ್ರಿ. ನನ್ನ ಕಾಲ ಉಳಿತೈತೇನು?"

ಡಾಕ್ಟರರು ಆ ಕೆಂಪು ಗೆರೆಯ ತುದಿಗೆ ಬೆರಳಿಟ್ಟು ನೋಡಿದರು. "ಇವತ್ತ ಬಂದರ ಉಳಿಸಬಹುದು ಅಂತ ನಂಬಿಕಿ ಐತ್ರಿ ಅವ್ವಾರ. ನಾಳೆ ಬಂದರ ಏನಕ್ಕೈತೋ, ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರಲ್ಲ," ಎಂದಳು ಅತ್ತೆ, "ಅದಕ್ಕ ಬರತೇನಿ. ಎಬ್ಬಸ್ರಿ."

ನಾನು ಒಂದು ಜನ್ಮವಿಡೀ ಬಾಯಿಗೆ ತಾರದೆ ಕಾಪಾಡಿಕೊಂಡಿದ್ದ ಮಾತನ್ನು ಆ ಮನುಷ್ಯ ಎಷ್ಟು ಸಲೀಸಾಗಿ ಹೇಳಿದರು, ಮತ್ತು ಆ ಒಂದೇ ಮಾತಿಗೆ ನಮ್ಮ ಅತ್ತೆ ಎದ್ದು ಕೂತಳು. ಅವಳನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿಸಿದೆವು. ಶಾಂತಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಮುದುಡಿ ಕೂತಳು. ಡಾಕ್ಟರರ ಬಾಜೂ ಸೀಟು ಖಾಲಿಯಿತ್ತು. ನಾನು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಶಾಂತಾ ಹಾಸಿಗೆ, ಕೌದಿ, ತಂಬಿಗೆಗಳ ಗಂಟನ್ನು ಅಲ್ಲಿಡಿಸಿದಳು. ನಾನು ಸೈಕಲ್ ಮೇಲೆ ಬರಬೇಕೆಂದಾಯಿತು. ಎಮ್ಮೆಯ ವಿಷಯ ಕೇಳಲು ಬಂದವನು, ಈಗ ಕೇಳಲೋ ಎಂದು ನನ್ನ ಮುಖ ನೋಡಿದ. ನಾನು ಮೋಟಾರಿನ ಧೂಳಿನ ಹಿಂದೆ ಪೆಡಲ್ ತುಳಿದೆ.

ಆ ಹತ್ತು ಹನ್ನೆರಡು ಮೈಲು ನಾನು ಏನೇನು ಯೋಚಿಸಿದೆನೆಂದು ಇಲ್ಲಿ ಬರೆಯುವುದಿಲ್ಲ. ತಾಯಿಯನ್ನು ಒಮ್ಮೆ ಕಳೆದುಕೊಂಡವನಿಗೆ ಎರಡನೇ ಸಲ ಕಳೆದುಕೊಳ್ಳುವ ಭಯ ಎಂಥದ್ದೆಂದು ಹೇಳಿ ತಿಳಿಸಲಾಗದು, ಅದರಲ್ಲೂ ಈ ಸಲದ ತಪ್ಪು ತನ್ನದೇ ಆಗಿದ್ದಾಗ. ದವಾಖಾನೆಯ ಮೆಟ್ಟಿಲಿಗೆ ಸೈಕಲ್ ಒರಗಿಸಿದಾಗ ನನ್ನ ಅಂಗಿ ಮೈಗೆ ಅಂಟಿಹೋಗಿತ್ತು. ಗುರುಪಾದಪ್ಪ ಹೊರಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಚಹಾಕ್ಕೆ ಸಕ್ಕರೆ ಹಾಕಿಲ್ಲವೆಂದು ಯಾರನ್ನೋ ಬೈಯುತ್ತಿದ್ದಳು. ನಾನು ಮೆಟ್ಟಿಲ ಮೇಲೆಯೇ ಕೂತು, ಯಾರಿಗೂ ಕಾಣದ ಹಾಗೆ ಟೊಪ್ಪಿಗೆಯಿಂದ ಮುಖ ಒರೆಸಿಕೊಂಡೆ. ಕೀವು ತೆಗೆದಿದ್ದರು, ಮುಳ್ಳಿನ ಚೂರು ಸಿಕ್ಕಿತ್ತು. ಇನ್ನೆರಡು ದಿನ ಹೋಗಿದ್ದರೆ ಕಷ್ಟವಿತ್ತು ಎಂದ ಗುರುಪಾದಪ್ಪ. ಸುಮಾರು ಹದಿನೈದು ದಿನ ಅತ್ತೆ ಅಲ್ಲಿದ್ದಳು. ಎರಡೂ ಕಾಲಿನ ಮೇಲೆ ನಡೆದುಕೊಂಡು ಊರಿಗೆ ಬಂದಳು.

ಅವಳು ಬಂದ ಮೇಲೆ ಊರಿನ ರೂಢಿ ಬದಲಾಯಿತು. ಯಾರ ಮನೆಯಲ್ಲಿ ಯಾರು ಮಲಗಿದರೂ ಈಗ ಮೊದಲು ನಮ್ಮ ಅತ್ತೆಯನ್ನು ಕರೆಯುತ್ತಾರೆ. ಅವಳು ಹೋಗಿ ರೋಗಿಯ ಪಕ್ಕದಲ್ಲಿ ಕೂತು, ಅಂಗಾಲಿನಿಂದ ನೆತ್ತಿಯವರೆಗೆ ನೋಡಿ, ಉಣ್ಣಲಿಕ್ಕೆ ಹಾಕುವ ಹೆಂಗಸನ್ನು ಬೇರೆಯಾಗಿ ಕರೆದು ಕೇಳುತ್ತಾಳೆ. ಆಮೇಲೆ ಗೋಕಾಕಕ್ಕೆ ಹೋಗಿ ಬರಲು ನನ್ನನ್ನೇ ಕಳಿಸುತ್ತಾರೆ, ಊರಲ್ಲಿ ಗಟ್ಟಿಯಾದ ಸೈಕಲ್ ಎಂದರೆ ನನ್ನದೇ. ಮೊನ್ನೆ ಹಿಂದಿನ ಓಣಿಯ ಬಾಣಂತಿಗೆ ಜ್ವರ ಬಂತು. ಅತ್ತೆ ನನ್ನನ್ನು ಕೂರಿಸಿ, ತಾನು ಕಂಡದ್ದನ್ನೆಲ್ಲ ಹೇಳಿ ಒಂದು ಹಾಳೆಯ ಮೇಲೆ ಬರೆಸಿದಳು. ಶಾಂತಾ ಅದನ್ನು ಓದಿ ಸರಿಯಾಗಿದೆ ಎಂದಳು. ನಾನು ಹಾಳೆಯನ್ನು ಜೇಬಿನಲ್ಲಿಟ್ಟು ಸೈಕಲ್ ತೆಗೆಯುವಾಗ ಅತ್ತೆ ಹೊಸ್ತಿಲವರೆಗೆ ಬಂದು ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು:

"ಕಂಪೌಂಡರ್ ಏನ ಕೇಳಿದರೂ ಚೀಟಿ ಅವನ ಕೈಯಾಗ ಕೊಡು. ನೀ ಬಾಯಿ ತಗೀಬ್ಯಾಡ."

ಇಷ್ಟು ವರ್ಷ ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದ ಹಾಗೆ ಕೈಕಟ್ಟಿ ನಿಂತು ಹೂಂ ಎಂದೆ.