ಸಮುದ್ರದಲ್ಲಿ ಕೆಂಪು ಎಳೆ

ಎಲ್ಲ ರಗಳೆಗೂ ಮೂಲ ಅತ್ತೆ ಹೆಣೆದುಕೊಟ್ಟ ಸ್ವೆಟರ್. ಅಪ್ಪಟ ನೈಲಾನು, ಕಣ್ಣು ಕುಕ್ಕುವ ಕೆಂಪು, ಮುಟ್ಟಿದರೆ ಸಾಕು ಎಳೆ ಉದುರುತ್ತಿತ್ತು.

"ಅಮ್ಮ ಕೈಯಾರೆ ಹೆಣೆದಿದ್ದು. ಇವತ್ತು ದೊಡ್ಡವರೆಲ್ಲ ಬರ್ತಾರಲ್ಲ, ಹಾಕ್ಕೊಂಡೇ ಹೋಗಿ," ಎಂದಳು ಹೆಂಡತಿ. ಅವಳ ಮಾತು ಮೀರುವ ಧೈರ್ಯ ನಮ್ಮವನಿಗೆ ಎಂದೂ ಇರಲಿಲ್ಲ.

ಸಮುದ್ರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಬಾಟಲಿ ತೊಳೆದೂ ತೊಳೆದೂ ಅವನ ಕೈ ಸುಕ್ಕುಗಟ್ಟಿತ್ತು. ಇವತ್ತಿನ ಸಭೆ ಗೆದ್ದರೆ ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಅವನಿಗೇ ಎಂದು ನಿರ್ದೇಶಕರು ಮಾತು ಕೊಟ್ಟಿದ್ದರು. ಆ ಆಸೆಯಲ್ಲಿ ಮೈ ಕೆರೆದುಕೊಳ್ಳುತ್ತಲೇ ನೀರು ಸೋಸಿಟ್ಟ.

ಒಂದೇ ಸಮುದ್ರ ಹಂಚಿಕೊಂಡ ಮೂರು ದೇಶಗಳ ವಿಜ್ಞಾನಿಗಳು ಬಂದು ಕೂತರು. ನೀರಿನಲ್ಲಿರುವ ಮೈಕ್ರೋಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆ-ಚೂರು, ಯಾರ ಪಾಪ ಎಂಬ ಜಗಳ ತೀರದೆ ಒಪ್ಪಂದವಿಲ್ಲ. ನಿರ್ದೇಶಕರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರೇ ಕುಣಿದುಬಿಟ್ಟರು.

"ಕೆಂಪು ಎಳೆ! ನಿಮ್ಮ ಮೀನುಬಲೆದೇ ಇದು!"

"ನಮಗೆ ಸಿಗ್ತಿರೋದು ಹಸಿರು. ಅದು ನಿಮ್ಮ ಹಡಗಿನ ಹಗ್ಗದ್ದು!" ಎಂದು ಎರಡನೇ ದೇಶದ ಹಸಿರು ಶಾಲಿನ ಮೇಡಂ ಗುಡುಗಿದರು.

"ನಮಗೆ ನೀಲಿ ಸಿಗ್ತಿದೆ. ಅದಕ್ಕೇನಂತೀರಿ?" ಎಂದು ಮೂರನೇ ದೇಶದ ನೀಲಿ ಟೋಪಿಯವರು ಮೇಜು ಗುದ್ದಿದರು.

ಅಷ್ಟರಲ್ಲಿ ಚಹಾ ತಂದ ನಮ್ಮವನ ತೋಳಿನಿಂದ ಒಂದು ಎಳೆ ತೇಲಿಹೋಗಿ, ಎಲ್ಲರ ಕಣ್ಣೆದುರೇ ಗಾಜಿನ ತಟ್ಟೆಯ ಮೇಲೆ ಕೂತಿತು. ಕಂಡದ್ದು ಅವನಿಗೊಬ್ಬನಿಗೇ. ಬಾಯಿ ಬಿಟ್ಟರೆ ಕುರ್ಚಿ ಹೋಗುತ್ತದೆ, ಬಿಡದಿದ್ದರೆ ಸಮುದ್ರವೇ ಹೋಗುತ್ತದೆ.

"ಸಾರ್... ಅದು ಸಮುದ್ರದ್ದಲ್ಲ. ನಮ್ಮತ್ತೆದು."

ಮೇಡಂ ಅವನ ಸ್ವೆಟರ್ ನೋಡಿದರು. ಆಮೇಲೆ ತಮ್ಮ ಶಾಲನ್ನು ನೋಡಿಕೊಂಡರು. ಟೋಪಿಯವರು ಮೆಲ್ಲಗೆ ಟೋಪಿ ತೆಗೆದು ಜೇಬಿಗೆ ತುರುಕಿದರು. ಮರುಕ್ಷಣ ಮೂರು ದೇಶಗಳೂ ಹೊಟ್ಟೆ ಹುಣ್ಣಾಗುವಂತೆ ನಕ್ಕವು.

ಸಂಜೆಯೊಳಗೆ ಒಪ್ಪಂದಕ್ಕೆ ಸಹಿ ಬಿತ್ತು! ಎಲ್ಲರೂ ಹತ್ತಿಬಟ್ಟೆ ತೊಟ್ಟು ಒಂದೇ ದೋಣಿ ಹತ್ತುವುದು, ಸಮುದ್ರದ ನಿಜವಾದ ಕಸವನ್ನು ಒಟ್ಟಿಗೇ ಹುಡುಕುವುದು, ಅದು ಹರಿದು ಬರುವ ಚರಂಡಿಗಳಿಗೆಲ್ಲ ಜರಡಿ ಹಾಕುವುದು. ಮುಖ ಸಿಂಡರಿಸಿಕೊಂಡು ಬಂದವರು ಹೆಗಲ ಮೇಲೆ ಕೈ ಹಾಕಿಕೊಂಡು ನಿಂತರು. ನಮ್ಮವನನ್ನಂತೂ ಎತ್ತಿ ಮೆರೆಸಿಬಿಟ್ಟರು. ಹೆಮ್ಮೆಯಿಂದ ಅವನ ಕಣ್ಣು ತುಂಬಿ ಬಂತು.

"ಸಾರ್, ಆ ಕುರ್ಚಿ..."

"ಕುರ್ಚಿ ಯಾವ ಮಹಾ ಕಣಯ್ಯ!" ನಿರ್ದೇಶಕರು ಅವನ ಬೆನ್ನು ತಟ್ಟಿದರು. "ಹಳೇ ನೀರೆಲ್ಲ ಚೆಲ್ಲಿ, ಎಲ್ಲ ಬಾಟಲಿನೂ ಹೊಸದಾಗಿ ತೊಳೀಬೇಕು. ಯಾರನ್ನ ನಂಬೋದು ಅಂತ ಕೇಳಿದ್ದಕ್ಕೆ ಮೂರು ದೇಶನೂ ಒಂದೇ ಬಾಯಲ್ಲಿ ನಿನ್ನನ್ನೇ ತೋರಿಸಿದ್ವು. ಅವರ ಬಾಟಲಿಗಳೂ ನಾಳೆ ಹಡಗಲ್ಲಿ ಬರ್ತವೆ!"