ವಿಮಾನದ ಹೊಟ್ಟೆಗೆ ಪಾಚಿ

ಶಿವಲೀಲಾ ಸುಳ್ಳು ಹೇಳುವ ಹೆಂಗಸಲ್ಲ. ಇದನ್ನು ಯಾರೂ ಹೊಗಳಿಕೆ ಎಂದು ತಿಳಿಯಬಾರದು. ಕೆಲವರಿಗೆ ಸಾರಿಗೆ ಉಪ್ಪು ಹೆಚ್ಚು ಹಾಕುವ ಕೈ ಇರುತ್ತದಲ್ಲ, ಹಾಗೆ ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳಿಬಿಡುವ ಬಾಯಿ. ಮದುವೆಯಾಗಿ ಗಂಡನ ಊರು, ಮಡಕಶಿರದ ಕಡೆಯ ರತ್ನಗಿರಿಗೆ ಕಾಲಿಟ್ಟ ದಿನವೇ, ಅತ್ತೆ ಅಕ್ಕರೆಯಿಂದ ಹೊಲಿಸಿಟ್ಟಿದ್ದ ರವಿಕೆಯನ್ನು ಎತ್ತಿ ನೋಡಿ, "ಎಡಗಡೆ ತೋಳು ಕಾಲಿಂಚು ಗಿಡ್ಡ ಐತ್ರಿ" ಎಂದಳು. ಗಂಡನ ಮೇಲಧಿಕಾರಿ ಹೊಸ ಪ್ಯಾಂಟು ತೊಟ್ಟು ಮನೆಗೆ ಬಂದಾಗ, ಕಾಫಿ ಲೋಟ ಕೈಗೆ ಕೊಡುವ ಮೊದಲೇ, "ಸರ್, ಹಿಂದ ಹೊಲಿಗಿ ಸೊಟ್ಟ ಹೋಗೈತ್ರಿ" ಎಂದಳು. (ಆ ಅಧಿಕಾರಿ ಅವತ್ತು ಬಾಗಿಲವರೆಗೂ ಹಿಂದುಹಿಂದಕ್ಕೇ ನಡೆದು ಹೋದರು.)

ಇಂಥವಳೊಡನೆ ಮೂವತ್ತೊಂದು ವರ್ಷ ಸಂಸಾರ ಮಾಡಿದ ಭೀಮೇಶನ ಮೇಲೆ ಓದುಗರಿಗೆ ಕನಿಕರ ಹುಟ್ಟಬಹುದು. ಅದಕ್ಕೆ ಅವಸರ ಬೇಡ. ಅವನೂ ಮೂವತ್ತೊಂದು ವರ್ಷದಿಂದ ಅವಳಿಗೆ ಒಂದು ಸುಳ್ಳು ಹೇಳಿಕೊಂಡು ಬಂದಿದ್ದ.

ರಾಯದುರ್ಗದ ಅವರ ಮನೆಯ ಮುಂದಿನ ಕೋಣೆಯಲ್ಲಿ ಶಿವಲೀಲಾಳ ಆರು ಹೊಲಿಗೆ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಜೀನ್ಸ್ ಹೊಲಿಯುತ್ತವೆ. ಹಿಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಹಳೆಯ ಮೇಜಿನ ಮೇಲೆ, ರಿಜಿಸ್ಟ್ರಾರ್ ಕಚೇರಿಯಿಂದ ನಿವೃತ್ತನಾದ ಭೀಮೇಶನ ವಿಮಾನ ಕಾರ್ಖಾನೆ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಉಜ್ಜಿ, ಬಣ್ಣ ಬಳಿದು ಯುದ್ಧವಿಮಾನ ಕಟ್ಟುವುದು ಅವನ ವ್ಯಸನ. ಮೊದಲು ಅಂಗೈಯಗಲದವು ನಾಲ್ಕು ಬಂದವು. ಐದನೆಯದು ಹಂಟರ್ ಎಂಬ ವಾಯುಸೇನೆಯ ಹಳೆಯ ಜೆಟ್, ನಿಜದ ವಿಮಾನದ ಮೂವತ್ತೆರಡರಲ್ಲಿ ಒಂದು ಪಾಲು, ಮೂಗಿನಿಂದ ಬಾಲಕ್ಕೆ ಒಂದು ಮೊಳ. ಅದನ್ನು ಕಟ್ಟಲು ಎರಡು ತಿಂಗಳು ಸಾಕಾಯಿತು. ಅದಕ್ಕೆ ಕೊಳೆ ಮೆತ್ತಲು ಐದು ತಿಂಗಳಾದರೂ ಮುಗಿದಿರಲಿಲ್ಲ.

ಕೊಳೆ ಯಾಕೆ ಎಂದರೆ ಅದಕ್ಕೊಂದು ಕಾರಣವಿದೆ. ಭೀಮೇಶ ಹನ್ನೆರಡು ವರ್ಷದವನಿದ್ದಾಗ ರತ್ನಗಿರಿಯ ಕೋಟೆಯ ಮೇಲೆ ಅಪ್ಪನ ಕುರಿ ಬಿಟ್ಟುಕೊಂಡು ಕೂತಿದ್ದ. ಕಣಿವೆಯಲ್ಲಿ ಇಂಥದೇ ಒಂದು ಜೆಟ್ ವಿಮಾನ ಬಂತು. ಅದು ಎಷ್ಟು ಕೆಳಗೆ ಹಾರಿತೆಂದರೆ, ಕೋಟೆಯ ಮೇಲಿದ್ದವನಿಗೆ ಅದರ ಬೆನ್ನು ಕಂಡಿತು. ಲೋಕವೆಲ್ಲ ವಿಮಾನದ ಹೊಟ್ಟೆ ನೋಡುತ್ತದೆ. ಅವನು ಬೆನ್ನು ನೋಡಿದ. ಪಠ್ಯಪುಸ್ತಕದ ಚಿತ್ರದಂತೆ ಅದು ಥಳಥಳ ಹೊಳೆಯುತ್ತಿರಲಿಲ್ಲ. ಮಸಿ ಹಿಡಿದಿತ್ತು, ಎಣ್ಣೆ ಸೋರಿತ್ತು, ರೆಕ್ಕೆಯ ಬುಡದಲ್ಲಿ ಬಣ್ಣ ಸವೆದಿತ್ತು. ದುಡಿಯುವ ಎತ್ತಿನ ಹಾಗಿತ್ತು. ಸದ್ದು ಬಂದು ಕುರಿಗಳು ಚದುರುವಷ್ಟರಲ್ಲಿ ಅದು ಹೋಗಿಯಾಗಿತ್ತು. ಕುರಿಗಳು ಸಂಜೆಗೆ ಸಿಕ್ಕವು. ಭೀಮೇಶನ ಮನಸ್ಸು ಇನ್ನೂ ಸಿಕ್ಕಿರಲಿಲ್ಲ.

ಹತ್ತೊಂಬತ್ತಕ್ಕೆ ಅವನೂ ಮಡಕಶಿರದ ಹಾಸ್ಟೆಲಿನ ಗೆಳೆಯ ಬೊಮ್ಮಣ್ಣನೂ ವಾಯುಸೇನೆಯ ಭರ್ತಿಗೆ ಹೋದರು. ಓಟದಲ್ಲಿ ಭೀಮೇಶನೇ ಮುಂದು. ಕೊನೆಗೆ ವೈದ್ಯರು ಚುಕ್ಕಿಗಳ ಪುಸ್ತಕ ತೆರೆದು, ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರು. ಭೀಮೇಶನಿಗೆ ಅಂಕಿ ಕಾಣಲಿಲ್ಲ. ಯಾರೋ ರಾಗಿ ಚೆಲ್ಲಿದಂತೆ ಕಂಡಿತು. ಅವನ ಪಾಲಿಗೆ ಹಸಿರು, ಕಂದು, ಕೆಂಪು ಮೂರೂ ಒಂದೇ ತಾಯಿಯ ಮಕ್ಕಳು ಎಂಬುದು ಅವನಿಗೆ ಗೊತ್ತಾದದ್ದೇ ಅವತ್ತು. ಬೊಮ್ಮಣ್ಣ ಒಳಗೆ ಹೋದ. ಭೀಮೇಶ ಬಸ್ಸು ಹತ್ತಿದ. ಎತ್ತರ ಅರ್ಧ ಇಂಚು ಸಾಲಲಿಲ್ಲವೆಂದು ಊರಿಗೆ ಹೇಳಿದ.

ಮದುವೆಯಾದ ಹೊಸತರಲ್ಲಿ ಹೆಂಡತಿಗೂ ಹಾಗೇ ಹೇಳಿದ್ದ. ಅವನ ಅಳತೆ ತೆಗೆದು ಅಂಗಿ ಹೊಲಿದಿದ್ದ ಆ ಹೆಂಗಸು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಅರ್ಧ ಇಂಚಾ? ಹಂಗಾ?" ಎಂದು ಯಂತ್ರದ ಕಡೆ ತಿರುಗಿದ್ದಳು. ನಂಬಿದಳು ಎಂದುಕೊಂಡ. ಆಮೇಲೆ ಯಾವ ಕಷ್ಟವೂ ಆಗಲಿಲ್ಲ. ಟೊಮೇಟೊ ಹಣ್ಣಾಗಿದೆಯೇ ಎಂದು ಹಿಸುಕಿ ನೋಡುತ್ತಿದ್ದ. ಬಟ್ಟೆಯನ್ನು ದಿನಾ ಬೆಳಗ್ಗೆ ಶಿವಲೀಲಾ ಮಂಚದ ಮೇಲೆ ಇಡುತ್ತಿದ್ದಳು, ಇವನು ತೊಡುತ್ತಿದ್ದ. ಕಚೇರಿಯಲ್ಲಿ ಭೀಮೇಶ್ ಸಾರ್ ಅವರ ಬಣ್ಣದ ಅಭಿರುಚಿಗೆ ಹೆಸರೇ ಇತ್ತು. (ಅದನ್ನು ಅವನು ನಾಚದೆ ಒಪ್ಪಿಕೊಳ್ಳುತ್ತಿದ್ದ.) ಅಂಗಿಯ ಕಾಲರಿನ ಒಳಗೆ ಸಣ್ಣ ದಾರದ ಗಂಟುಗಳು ಇರುತ್ತಿದ್ದವು. ಇಸ್ತ್ರಿಯವನ ಗುರುತು ಎಂದು ಅವನು ಬಿಟ್ಟುಬಿಟ್ಟಿದ್ದ.

ವಿಮಾನದ ಕೊಳೆಯ ವಿಷಯದಲ್ಲಿ ಶಿವಲೀಲಾಳ ಅಭಿಪ್ರಾಯವನ್ನು ಅವನು ಕೇಳಿರಲಿಲ್ಲ. ಆದರೂ ಅದು ಬಂತು.

"ಇಲ್ಲಿ ಯಾಕ ಸವೆಸೀರಿ?"

"ಬಳಸಿ ಹಳೇದಾದಂಗೆ ಕಾಣ್ಲಿ ಅಂತ ಕಣೇ."

"ನಾವೂ ಹೊಸಾ ಪ್ಯಾಂಟ್ ಉಜ್ಜಿ ಹಳೇದು ಮಾಡ್ತೀವ್ರಿ. ಆದ್ರ ಮೊಣಕಾಲ್ ಮ್ಯಾಲ ಉಜ್ಜತೀವಿ, ಮನಶ್ಯಾ ಬಗ್ಗೋ ಕಡಿ. ನೀವು ಎಲ್ಲಾ ಕಡಿ ಉಜ್ಜೀರಿ. ನಾಯಿ ಕೆರಕೊಂಡಂಗ ಐತಿ. ಹತ್ತೋರು ಯಾವ ಕಡಿಯಿಂದ ಹತ್ತತಾರ?"

ಎಡಗಡೆಯಿಂದ. ಭೀಮೇಶ ಬಲಗಡೆಯ ಸವಕಲಿಗೆ ಮತ್ತೆ ಬಣ್ಣ ಬಳಿದ.

ಈ ಸಲ ಅವನಿಗೆ ಆತುರವಿತ್ತು. ಇಪ್ಪತ್ತು ವರ್ಷ ವಿಮಾನ ಒರೆಸಿ, ಈಗ ಗುಡಿಬಂಡೆಯಲ್ಲಿ ದಾಳಿಂಬೆ ತೋಟ ಮಾಡಿಕೊಂಡಿರುವ ಬೊಮ್ಮಣ್ಣ ವಿಜಯದಶಮಿಗೆ ಬನ್ನಿ ಕೊಡಲು ಬರುತ್ತೇನೆಂದಿದ್ದ. ಹಂಟರ್ ವಿಮಾನದ ಹೊಟ್ಟೆಯನ್ನು ಕೈಯಾರೆ ಮುಟ್ಟಿದವರಲ್ಲಿ ಭೀಮೇಶನಿಗೆ ಗೊತ್ತಿದ್ದವನು ಅವನೊಬ್ಬನೇ. ಅವನ ಬಾಯಿಂದ ಒಂದು ಮಾತು ಬೇಕಿತ್ತು: ಹಿಂಗೇ ಇರ್ತಿತ್ತು ಕಣೋ, ಎಂದು. ನಲವತ್ತು ವರ್ಷದಿಂದ ಬೇಕಿದ್ದದ್ದು ಅಷ್ಟೇ.

ಹಿಂದಿನ ದಿನ ಆಯುಧ ಪೂಜೆ. ಶಿವಲೀಲಾಳ ಮನೆಯಲ್ಲಿ ಅವತ್ತು ತೊಳೆಯದೆ ಉಳಿಯುವ ವಸ್ತು ಇಲ್ಲ. ಆರು ಯಂತ್ರ, ಹನ್ನೊಂದು ಕತ್ತರಿ, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಸ್ಕೂಟರು, ಎಲ್ಲಕ್ಕೂ ಜಳಕ, ವಿಭೂತಿ, ಕುಂಕುಮ. ವಿಮಾನ ಮುಟ್ಟಬೇಡವೆಂದು ಭೀಮೇಶ ಮೂರು ದಿನದಿಂದ ಹೇಳಿದ್ದ. ಅವಳು ಮುಟ್ಟಲಿಲ್ಲ, ದೂರದಿಂದಲೇ ಎರಡು ಅಕ್ಷತೆ ಹಾಕಿದಳು. ಆದರೆ ಬಾಟಲಿಗಳ ಬಗ್ಗೆ ಅವನು ಏನೂ ಹೇಳಿರಲಿಲ್ಲ. ಕೊಳೆಗಾಗಿ ತಾನೇ ಕಲಸಿಟ್ಟಿದ್ದ ಏಳು ಬಣ್ಣಗಳನ್ನು ಹೋಮಿಯೋಪತಿಯ ಪುಟ್ಟ ಬಾಟಲಿಗಳಲ್ಲಿ ತುಂಬಿ, ಚೀಟಿ ಬರೆದು ಅಂಟಿಸಿದ್ದ. ಅವೂ ಆಯುಧಗಳೇ ತಾನೆ? ಸ್ನಾನ ಮುಗಿಸಿ ಬಂದ ಭೀಮೇಶ ಕಂಡದ್ದು, ಸೀಗೆಪುಡಿಯಲ್ಲಿ ಮಿಂದು, ಮೂರು ಬೆರಳು ವಿಭೂತಿ ಧರಿಸಿ ಸಾಲಾಗಿ ನಿಂತ ಏಳು ಶಿವಶರಣರನ್ನು. ಒಬ್ಬರ ಮೈಮೇಲೂ ಚೀಟಿಯಿರಲಿಲ್ಲ.

"ಚೀಟಿ ಎಲ್ಲೇ?"

"ನೀರಾಗ ಹೋದ್ವು. ಬಣ್ಣ ಕಾಣ್ತೈತಲ್ರಿ ಒಳಗ? ಚೀಟಿ ಯಾಕ?"

ಭೀಮೇಶ ಒಂದು ಬಾಟಲಿ ಎತ್ತಿ ಅದರ ವಿಭೂತಿ ಒರೆಸತೊಡಗಿದ. ಶಿವಲೀಲಾ ಒಂದು ಗಳಿಗೆ ಅವನ ಮುಖ ನೋಡಿದಳು, ಆಮೇಲೆ ಕತ್ತರಿ ಒರೆಸುತ್ತ ಹೊರಗೆ ಹೋದಳು.

ಬಾಕಿ ಉಳಿದದ್ದು ವಿಮಾನದ ಹೊಟ್ಟೆ. ಅಲ್ಲಿ ಎಣ್ಣೆ ಸೋರಿದ ಕಂದು ಗೆರೆ ಎಳೆಯಬೇಕು. ಯಾವುದು ಕಂದು? ಭೀಮೇಶ ಬಾಟಲಿ ಮೂಸಿ ನೋಡಿದ. ಏಳಕ್ಕೂ ಟರ್ಪೆಂಟೈನ್ ವಾಸನೆ. ಬಿಸಿಲಿಗೆ ಹಿಡಿದ, ಎರಡು ಒಂದೇ ಥರ ಕಂಡವು. ಕೊನೆಗೆ, ಯಂತ್ರಕ್ಕೆ ಹೂವು ಕಟ್ಟುತ್ತಿದ್ದ ಕೆಲಸದ ಹುಡುಗಿ ವನಿತಾಳನ್ನು ಕರೆದು, ಎರಡು ಬಾಟಲಿ ಹಿಡಿದು, ಮೇಷ್ಟರ ಗತ್ತಿನಲ್ಲಿ ಕೇಳಿದ:

"ವನಿತಾ, ನಿಂಗೊಂದು ಪರೀಕ್ಷೆ. ಇದ್ರಾಗೆ ಬೆಲ್ಲದ ಬಣ್ಣ ಯಾವುದು, ಹೇಳು ನೋಡಾನ."

"ಯಾವ ಬೆಲ್ಲ ಅಂಕಲ್? ಅಚ್ಚು ಬೆಲ್ಲನೋ, ಕರಿ ಬೆಲ್ಲನೋ?"

"ಯಾವುದಾದ್ರೂ ಸೈ."

"ಯಾವುದಾದ್ರೂ ಸೈ ಅಂದ್ರ ಪರೀಕ್ಷಿ ಹೆಂಗ್ ಆಗ್ತೈತಿ? ಅಕ್ಕಾ, ಅಂಕಲ್ ಅವ್ರು..."

"ಕೂಗ್‌ಬ್ಯಾಡ! ಪಾಸು, ಪಾಸು, ಹೋಗು!"

ಅವಳು ಹೋದಳು. ಭೀಮೇಶ ದೇವರ ಪಟದ ಕಡೆ ನೋಡಿ, ಬಲಗೈಯಲ್ಲಿದ್ದ ಬಾಟಲಿ ತೆರೆದು, ಮಧ್ಯಾಹ್ನವೆಲ್ಲ ಕೂತು, ಉಸಿರು ಬಿಗಿಹಿಡಿದು ಗೆರೆ ಎಳೆದ. ಅಷ್ಟು ಚೆಂದದ ಗೆರೆಗಳನ್ನು ಅವನು ಹಿಂದೆ ಎಳೆದಿರಲಿಲ್ಲ. ಸಂಜೆ ಶಿವಲೀಲಾ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಹೇಳಲಿಲ್ಲ. ತಪ್ಪಿದ್ದರೆ ಸುಮ್ಮನಿರುವ ಬಾಯಲ್ಲ ಅದು ಎಂದು ಭೀಮೇಶ ನಿಶ್ಚಿಂತನಾಗಿ ಮಲಗಿದ.

ಮರುದಿನ ಬೊಮ್ಮಣ್ಣ ಬಂದ. ಬನ್ನಿ ಸೊಪ್ಪು ಕೊಟ್ಟು ಇಬ್ಬರೂ ತಬ್ಬಿಕೊಂಡಾಗ ಬೊಮ್ಮಣ್ಣನ ತಲೆ ಭೀಮೇಶನ ಕಿವಿಯ ಮಟ್ಟಕ್ಕೆ ಬಂತು. ತಟ್ಟೆ ಹಿಡಿದು ನಿಂತಿದ್ದ ಶಿವಲೀಲಾ ಇಬ್ಬರ ತಲೆಗಳನ್ನೂ ನೋಡಿದಳು, ತಟ್ಟೆ ಕೆಳಗಿಟ್ಟಳು.

ವಿಮಾನದ ಮುಂದೆ ಬೊಮ್ಮಣ್ಣ ಬಗ್ಗಿ ನಿಂತ. ಆಮೇಲೆ ಬೆರಳನ್ನು ಮುಟ್ಟಿಸದೆ ಬಂದೂಕಿನ ಬಾಯಿಯ ಮೇಲೆ ಆಡಿಸಿದ.

"ಅರೇ ಯಾರ್... ಭೀಮಾ, ಈ ಮಸಿ ಹಿಂಗೇ ಇರ್ತಿತ್ತು ಕಣೋ. ಒರೆಸಿ ಒರೆಸಿ ನನ್ನ ಕೈ ಬಿದ್ದೋಗಿತ್ತು. ನೀನು ಎಲ್ಲಿ ನೋಡ್ದೆ ಇದನ್ನ?"

"ಮೇಲಿಂದ" ಎಂದ ಭೀಮೇಶ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇಪ್ಪತ್ತು ವರ್ಷ ಹೊಟ್ಟೆ ಒರೆಸಿದವನು ಹೊಟ್ಟೆ ನೋಡದೆ ಬಿಡುತ್ತಾನೆಯೇ? ಬೊಮ್ಮಣ್ಣ ವಿಮಾನವನ್ನು ಮೆಲ್ಲಗೆ ಮಗುಚಿದ.

"ಇದೇನಪ್ಪಾ ಇದು! ಕಲ್ಯಾಣಿ ಮೆಟ್ಟಿಲಿಗೆ ಪಾಚಿ ಕಟ್ಟಿದಂಗೆ ಐತೆ! ಎಣ್ಣೆ ಎಲ್ಲಾದ್ರೂ ಹಸ್ರಾಗಿ ಸೋರ್ತದಾ?" ಅವನು ನಕ್ಕ. ನಗು ಅರ್ಧಕ್ಕೆ ನಿಂತು, ಹುಬ್ಬು ಗಂಟಿಕ್ಕಿತು. "ಒಂದ್ನಿಮಿಷ ಇರು ಭೀಮಾ. ಅವತ್ತು ಮೆಡಿಕಲ್‌ನಾಗೆ, ಆ ಚುಕ್ಕಿ ಪುಸ್ತಕ ತೋರಿಸಿದ್ರಲ್ಲ, ಅಲ್ಲಿ ನೀನು..."

ಭೀಮೇಶನ ಕೈಯಲ್ಲಿದ್ದ ಬನ್ನಿ ಸೊಪ್ಪು ಕೆಳಗೆ ಬಿತ್ತು.

"ಅದು ನಾ ಹಚ್ಚಿದ್ದ್ರಿ ಅಣ್ಣಾರ" ಎಂದಳು ಶಿವಲೀಲಾ.

ಇಬ್ಬರೂ ತಿರುಗಿದರು.

"ಇವತ್ತ ಮುಂಜಾನೆ ಮೇಜು ಒರಸಾಕ ಹೋಗಿ ಹೊಟ್ಟಿ ಬಣ್ಣ ಅಳಿಸಿಬಿಟ್ಟೆ. ಇವ್ರು ಬೈತಾರಂತ ಕೈಗೆ ಸಿಕ್ಕ ಬಾಟ್ಲಿ ತಗಂಡು ಹಚ್ಚಿಬಿಟ್ಟೆ. ಯಾವ ಬಣ್ಣಂತ ನೋಡ್ಲೇ ಇಲ್ಲ."

ನೂರು ನೀಲಿ ದಾರಗಳ ನಡುವೆ ತಪ್ಪು ನೀಲಿಯನ್ನು ಬೀದಿಯಾಚೆಯಿಂದ ಗುರುತಿಸುವ ಹೆಂಗಸು ಬಣ್ಣ ನೋಡಲಿಲ್ಲ ಎಂದದ್ದನ್ನು ಕೇಳಿ, ಚಹಾ ತರುತ್ತಿದ್ದ ವನಿತಾಳ ಬಾಯಿ ತೆರೆದುಕೊಂಡಿತು. ಶಿವಲೀಲಾ ಒಮ್ಮೆ ನೋಡಿದಳು. ಅದು ಮುಚ್ಚಿಕೊಂಡಿತು.

"ಓಹೋ, ತಂಗ್ಯಮ್ಮನ ಕೆಲಸಾನಾ!" ಬೊಮ್ಮಣ್ಣ ಮತ್ತೆ ನಗಲು ಶುರುಮಾಡಿದ. ಚುಕ್ಕಿ ಪುಸ್ತಕ ಅವನ ತಲೆಯಿಂದ ಹಾರಿಹೋಯಿತು.

ಈಗ ಭೀಮೇಶ ಕೃತಜ್ಞತೆಯಿಂದ ಕರಗಿದ ಎಂದು ನೀವು ಎಣಿಸಿದರೆ, ನಿಮಗೆ ಗಂಡಸರ ಪರಿಚಯ ಸಾಲದು. ಅವನು ಅವಳ ಮಾತನ್ನು ಅಕ್ಷರಶಃ ನಂಬಿದ. ಶಿವಲೀಲಾ ಸುಳ್ಳು ಹೇಳುವುದಿಲ್ಲ. ಆದ್ದರಿಂದ ಪಾಚಿ ಶಿವಲೀಲಾಳದು. ಆದ್ದರಿಂದ ತಾನು ಎಳೆದದ್ದು ಅಚ್ಚ ಕಂದು ಗೆರೆ. ತರ್ಕದಲ್ಲಿ ಎಲ್ಲಿಯೂ ದೋಷವಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಹೆಂಡತಿಯ ತಪ್ಪು ಕೈಗೆ ಸಿಕ್ಕಿತ್ತು. ಬೊಮ್ಮಣ್ಣನ ಬಸ್ಸು ಹೊರಟದ್ದೇ ತಡ, ಅವನ ಬಾಯಿಗೆ ಬೀಗವಿಲ್ಲದಾಯಿತು.

"ಐದು ತಿಂಗಳ ತಪಸ್ಸು ಕಣೇ! ಮುಟ್ಬ್ಯಾಡ ಅಂತ ಎಷ್ಟು ಸಲ ಬಡ್ಕಂಡೆ? ಕಣ್ಣು ಎಲ್ಲಿತ್ತು ನಿಂದು? ಹಸಿರಿಗೂ ಕಂದಿಗೂ ಯತ್ಯಾಸ ಗೊತ್ತಾಗಕಿಲ್ವಾ?"

"ತಪ್ಪಾತ್ರಿ" ಎಂದಳು ಶಿವಲೀಲಾ.

ಇದು ಅವನಿಗೆ ಸಾಲಲಿಲ್ಲ. ಊಟಕ್ಕೆ ಕೂತಾಗ ಇನ್ನೊಮ್ಮೆ ಹೇಳಿದ. ಬಣ್ಣಗಳ ಸೂಕ್ಷ್ಮವನ್ನು ಅರಿಯಲು ಒಂದು ಸಂಸ್ಕಾರ ಬೇಕೆಂದ. ಅವಳು ರೊಟ್ಟಿ ಬಡಿಸಿದಳು.

ಬೆಳಗ್ಗೆ ಎದ್ದು, ಮಂಚದ ಮೇಲಿದ್ದ ಅಂಗಿ ತೊಟ್ಟು, ಗೆಲುವಿನ ಗತ್ತಿನಲ್ಲಿ ಹಿಂದಿನ ಕೋಣೆಗೆ ಹೋದ. ಏಳು ಬಾಟಲಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಕೊರಳಿಗೂ ಜೀನ್ಸ್ ಹೊಲಿಯುವ ಗಟ್ಟಿ ದಾರ ಕಟ್ಟಿತ್ತು. ದಾರದಲ್ಲಿ ಗಂಟುಗಳು: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಕಡೆಯದಕ್ಕೆ ಏಳು. ಗೋಡೆಯ ಮೊಳೆಗೆ ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆಯ ತುಂಡೊಂದು ಸಿಕ್ಕಿಸಿತ್ತು. ಅದರ ಮೇಲೆ ಶಿವಲೀಲಾಳ ದುಂಡನೆಯ ಅಳತೆಪುಸ್ತಕದ ಅಕ್ಷರ. ಒಂದು, ಕಂದು. ಎರಡು, ಹಸಿರು. ಮೂರು, ಬೂದಿ. ನಾಲ್ಕು, ಕೆಂಪು...

ಬಟ್ಟೆ ಹೊಸದಾಗಿರಲಿಲ್ಲ. ಮಡಿಕೆಗಳಲ್ಲಿ ಹಳದಿಗಟ್ಟಿತ್ತು. ಮೊದಲ ನಾಲ್ಕು ಸಾಲುಗಳ ಶಾಯಿ ಎಂದೋ ಮಾಸಿತ್ತು. ಕಡೆಯ ಮೂರು ಮಾತ್ರ ನಿನ್ನೆಯವು.

ಭೀಮೇಶ ಬಹಳ ಹೊತ್ತು ಅದನ್ನು ಓದಿದ. ಆಮೇಲೆ ಅವನ ಕೈ ತಾನಾಗಿ ಕೊರಳ ಹಿಂದೆ ಹೋಗಿ ಕಾಲರಿನ ಒಳಗೆ ತಡಕಾಡಿತು. ಎರಡು ಗಂಟು. ಆರು ವರ್ಷದಿಂದ ಅವನು ಕಾಫಿಬಣ್ಣವೆಂದುಕೊಂಡು ಮೆರೆದ ಅಂಗಿ ಅದು.

ಮುಂದಿನ ಕೋಣೆಯಲ್ಲಿ ಶಿವಲೀಲಾ ಯಂತ್ರಕ್ಕೆ ದಾರ ಪೋಣಿಸುತ್ತಿದ್ದಳು. ಟೇಪು ಎಂದಿನಂತೆ ಕೊರಳಲ್ಲಿತ್ತು. ಭೀಮೇಶ ಬಂದು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ.

"ಶಿವೂ" ಎಂದ, "ನನ್ನ ಎತ್ತರ ಒಸಿ ಅಳೀತೀಯಾ?"

ಅವಳು ಎದ್ದಳು. ಟೇಪಿನ ತುದಿಯನ್ನು ಅವನ ಹಿಮ್ಮಡಿಯ ಕೆಳಗೆ ಸಿಕ್ಕಿಸಿ, ಬೆನ್ನಗುಂಟ ಎಳೆದು, ಹೆಬ್ಬೆರಳು ಒತ್ತಿ ಹಿಡಿದಳು. ಬೆರಳು ತನ್ನ ನೆತ್ತಿಗಿಂತ ಕೆಳಗೆ, ಕೂದಲಿನ ನಡುವೆ ನಿಂತದ್ದು ಭೀಮೇಶನಿಗೆ ತಿಳಿಯಿತು. ಅವಳು ಕತ್ತೆತ್ತಿ ಅಂಕಿಯನ್ನು ಎರಡು ಸಲ ನೋಡಿದಳು.

"ಹೌದ್ರಿ" ಎಂದಳು. "ಅರ್ಧ ಇಂಚು ಕಡಿಮಿನ ಐತಿ."

ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡು ಯಂತ್ರದ ಮುಂದೆ ಕೂತಳು.